ಬೀಗರ ಪಾಲಿಶ್

ಕಾರು ಎಲ್ಲಿ ಬೇಕಾದರೂ ಕೆಟ್ಟು ನಿಲ್ಲಲಿ, ಬೀಗರ ಮನೆಯ ಮುಂದೆ ಮಾತ್ರ ನಿಲ್ಲಬಾರದು. ಬಂಡೀಪುರದ ಕಾಡಿನಲ್ಲಿ ನಿಂತರೆ ಆನೆಯೊಂದಕ್ಕೆ ಹೆದರಿದರೆ ಸಾಕು. ಬೀಗರ ಮನೆಯ ಮುಂದೆ ನಿಂತರೆ ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನೋಡುತ್ತದೆ, ಹಾರ್ನ್ ಹೊಡೆದರೂ ಕದಲುವುದಿಲ್ಲ.

ಚಿಕ್ಕಮಲ್ಲಪ್ಪನಿಗೆ ಆದದ್ದು ಅದೇ. ಗುಂಡ್ಲುಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ವಂತ ಅಂಬಾಸಿಡರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ ಮನುಷ್ಯ. ಊಟಿ ರಸ್ತೆಯ ಒಂದೊಂದು ತಿರುವೂ ಅವನಿಗೆ ಬಾಯಿಪಾಠ. ತೊಂಬತ್ತೈದನೇ ಇಸವಿಯ ಮಾಘ ಮಾಸದ ಆ ಬೆಳಿಗ್ಗೆ ಅವನು ಚಾಮರಾಜನಗರಕ್ಕೆ ಬಂದದ್ದು ಬಾಡಿಗೆಗಲ್ಲ. ಒಬ್ಬಳೇ ಮಗಳು ನಾಗರತ್ನಳನ್ನು ಮೊದಲ ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗಲು. ಅವಳಿಗೆ ಏಳನೇ ತಿಂಗಳು ನಡೆಯುತ್ತಿತ್ತು.

ಮಡಿಲು ತುಂಬಿಸಿ, ಹಿರಿಯರ ಕಾಲಿಗೆಲ್ಲ ನಮಸ್ಕಾರ ಮಾಡಿಸಿ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಚಿಕ್ಕಮಲ್ಲಪ್ಪ ಗಾಡಿ ಸ್ಟಾರ್ಟ್ ಮಾಡಿ ಮೊದಲ ಗೇರಿಗೆ ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟ. ಕಾರು ಒಮ್ಮೆ ಕೆಮ್ಮಿತು. ಮುಂದಕ್ಕೆ ಎಗರಿತು, ತಡೆಯಿತು, ಮತ್ತೆ ಎಗರಿತು. ನಾಗರತ್ನ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು "ಅಪ್ಪಾಜಿ!" ಎಂದಳು. ಮೂರನೇ ಸಲ ಎಗರಿದ್ದೇ ಇಂಜಿನ್ ನಿಂತುಹೋಯಿತು.

ಬೀಗರಾದ ಮರಿಮಲ್ಲಪ್ಪನವರು ಬಂದು ಹಿಂದಿನ ಬಾಗಿಲು ತೆಗೆದರು. ಅವರು ಊರಾಚೆಯ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಪಾಲಿಶ್ ಮೇಸ್ತ್ರಿ. ದಪ್ಪ ಮೀಸೆ, ಕಡಿಮೆ ಮಾತು. ಸೊಸೆ ಎಂದರೆ ಅವರ ಬಾಯಲ್ಲಿ ಯಾವಾಗಲೂ 'ಕೂಸು'. ಅವಳ ಕೈ ಹಿಡಿದು ಕೆಳಗಿಳಿಸಿಕೊಂಡೇ ಅವರು ಬಾಯಿ ಬಿಟ್ಟದ್ದು.

"ತಪ್ಪು ತಿಳ್ಕಬ್ಯಾಡಿ ಬೀಗ್ರೇ. ಈ ಗಾಡೀಲಿ ಕೂಸ ಕಳ್ಸಕ್ಕೆ ನನ್ ಮನ್ಸು ಒಪ್ಪಕಿಲ್ಲ. ರಿಪೇರಿ ಮಾಡುಸ್ಕಂಡು ಬನ್ನಿ. ಎಂಟು ಬೀಳಕ್ಕೆ ಇನ್ನೂ ಹದಿನೈದು ದಿನ ಅದ."

ಎಂಟನೇ ತಿಂಗಳು ಬಿದ್ದರೆ ಬಸುರಿಯನ್ನು ಊರು ದಾಟಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಆಮೇಲೆ ಹೆರಿಗೆ ಅಲ್ಲೇ ಎಂದು ಚಿಕ್ಕಮಲ್ಲಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಬೀಗಿತ್ತಿ ಬಾಗಿಲ ಹಿಂದಿನಿಂದ ಹೇಳಿಯೇ ಬಿಟ್ಟರು. "ತಾಯಿ ಇಲ್ದ ತವರಿಗೋಗಿ ಯಾರ್ ಕೈಲಿ ನೀರು ಉಯ್ಸ್ಕಂಡದು ಅದು? ಇಲ್ಲೇ ಆಗ್ಲಿ ಬುಡಿ."

ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದಕ್ಕೇ ಅದು ಇನ್ನೂ ಆಳಕ್ಕೆ ನಾಟಿತು. ಚಿಕ್ಕಮಲ್ಲಪ್ಪನ ಹೆಂಡತಿ ಗುರುಮಲ್ಲಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಡಿಕ್ಕಿಯಿಂದ ಮಗಳ ಬಟ್ಟೆಯ ಪೆಟ್ಟಿಗೆ ಇಳಿಸಲು ಹೋದರೆ ನಾಗರತ್ನ ತಡೆದಳು.

"ಪೆಟ್ಟಿಗೆ ಅಲ್ಲೇ ಇರ್ಲಿ ಅಪ್ಪಾಜಿ. ಎಂಗಿದ್ರೂ ಬರೋಳೇ ತಾನೆ ನಾನು."

ಹೀಗೆ ಮಗಳ ಪೆಟ್ಟಿಗೆ ತವರಿಗೆ ಬಂತು, ಮಗಳು ಬರಲಿಲ್ಲ. ತೆರಕಣಾಂಬಿ ದಾಟಿದ ಮೇಲೆ ಆ ದರಿದ್ರ ಕಾರು ಬೆಣ್ಣೆಯಂತೆ ಓಡಿತು. ನಿಧಾನಕ್ಕೆ ಹೋಗುವಾಗ ಮಾತ್ರ ಅದರ ಆಟ, ವೇಗ ಹಿಡಿದರೆ ಏನೂ ಅರಿಯದ ಹಸುಗೂಸು. ಚಿಕ್ಕಮಲ್ಲಪ್ಪ ದಾರಿಯುದ್ದಕ್ಕೂ ಅದನ್ನು ಬೈದುಕೊಂಡೇ ಬಂದ.

ಮನೆಯಲ್ಲಿ ಬಾಣಂತನಕ್ಕೆಂದು ಕುದೇರಿನಿಂದ ಬಂದಿದ್ದ ಅವನ ಅಕ್ಕ ಬಾಗಿಲಲ್ಲೇ ಕಾದಿದ್ದಳು. ಗಂಡ ಸತ್ತ ಮೇಲೆ ಆಕೆ ಊರಲ್ಲಿ ಹತ್ತಾರು ಬಾಣಂತನ ಮಾಡಿದ ಗಟ್ಟಿಗಿತ್ತಿ. "ಎಲ್ಲಿಲಾ ಕೂಸು?" ಎಂದಳು. ನಡೆದದ್ದನ್ನು ಕೇಳಿ, "ಅದ್ಕೇನಂತೆ, ನಾಳಿಕೇ ಯಾವ್ದಾದ್ರೂ ವ್ಯಾನ್ ತಕಂಡೋಗಿ ಕರ್ಕಂಡ್ ಬಾ," ಎಂದಳು.

"ಈ ಊರಿನ್ ಅರ್ಧ ಹೆಣ್ಮಕ್ಕಳ್ನ ತವರಿಗೆ ತಂದಿರದು ನನ್ ಕಾರು ಕಣಕ್ಕ. ನನ್ ಮಗಳ ಇನ್ನೊಬ್ಬನ್ ಗಾಡೀಲಿ ತರಾದಾ?" ಎಂದು ಚಿಕ್ಕಮಲ್ಲಪ್ಪ ರೇಗಿದ.

ಜಂಬ ಎನ್ನಬಹುದು. ಸ್ವಲ್ಪ ಜಂಬವೂ ಇತ್ತು. ಆದರೆ ಅದರ ಕೆಳಗೆ ಇದ್ದದ್ದು ಬೇರೆ. ತಾಯಿ ಇಲ್ಲದ ಮನೆಗೆ ಮಗಳನ್ನು ಕರೆಯುವವನ ಹತ್ತಿರ ತನ್ನದು ಎಂದು ಕೊಡಲು ಇದ್ದದ್ದು ಆ ಕಾರೊಂದೇ. ಅಡುಗೆ ಅಕ್ಕನದು, ಎಣ್ಣೆ ನೀರು ಅಕ್ಕನದು, ಲೇಹ ಅಕ್ಕನದು. ಮಗಳನ್ನು ಅಲುಗದಂತೆ ಮನೆ ಮುಟ್ಟಿಸುವುದಾದರೂ ತನ್ನ ಕೈಯಿಂದ ಆಗಬೇಡವೇ?

ಊಟಿ ರಸ್ತೆಯ ಹುಣಸೆಮರದ ಕೆಳಗೆ ಶೆಡ್ಡು ಹಾಕಿಕೊಂಡಿದ್ದ ಮೂಗಯ್ಯ ಆ ಕಾರಿಗೆ ಮೊದಲಿನಿಂದಲೂ ಡಾಕ್ಟರು. ಎಪ್ಪತ್ತು ದಾಟಿದ ಮುದುಕ. ಬಾನೆಟ್ಟಿನ ಒಳಗೆ ಕಿವಿಯಿಟ್ಟು ಕೇಳಿದ, ಪ್ಲಗ್ಗು ನೋಡಿದ, ಕಾರ್ಬೊರೇಟರ್ ನೋಡಿದ. ನಾಲ್ಕೈದು ದಿನ ತಡಕಾಡಿ, ಕೊನೆಗೆ ಕಾರ್ಬೊರೇಟರಿನಿಂದ ಇಂಜಿನ್ನಿಗೆ ಗಾಳಿ ಪೆಟ್ರೋಲು ಹೋಗುವ ಅಲ್ಯೂಮಿನಿಯಂ ಕವಲುಕೊಳವೆಯನ್ನೇ ಬಿಚ್ಚಿ ತೆಗೆದು ಚಿಕ್ಕಮಲ್ಲಪ್ಪನ ಕೈಗಿಟ್ಟ. ಎರಡು ವರ್ಷದ ಹಿಂದೆ ಹಳೆಯದು ಬಿರುಕು ಬಿಟ್ಟಾಗ ಮೈಸೂರಿನ ಗುಜರಿಯಿಂದ ತಂದು ಹಾಕಿದ್ದ ಮ್ಯಾನಿಫೋಲ್ಡು ಅದು.

"ಬೆಳ್ಳು ಬುಟ್ಟು ನೋಡು," ಎಂದ ಮೂಗಯ್ಯ.

ಚಿಕ್ಕಮಲ್ಲಪ್ಪ ತೋರುಬೆರಳು ತೂರಿಸಿದ. ಒಳಗೆ ಎರಕದ ಗಂಟುಗಳು, ಒಂದು ಕಡೆ ಉಗುರಿಗೆ ತಾಕುವಷ್ಟು ಎತ್ತರದ ಮೆಟ್ಟಿಲು.

"ಇದ್ರ ಬಾಯಿ, ಇಂಜಿನ್ ಬಾಯಿ ಒಂದುಕ್ಕೊಂದು ಕೂರ್ತಾನೇ ಇಲ್ಲ. ಇಷ್ಟ್ ದಿನ ನಡುವಿನ್ ಗ್ಯಾಸ್ಕೆಟ್ ತಡ್ಕಂಡಿತ್ತು, ಈಗ ಅದೂ ಸವ್ದದ. ಒಂದ್ಕಡೆ ಅಡ್ಡ ಬಂದದ, ಇನ್ನೊಂದ್ಕಡೆ ಹೊರಗಿನ್ ಗಾಳಿ ಎಳೀತದ. ಅರ ತಕಂಡು ಬಾಯಿ ಹೊಂದ್ಸು, ಗಂಟು ತೆಗಿ, ಮೊಖ ಮಟ್ಟ ಮಾಡು. ನಂಗೆ ಕಣ್ಣು ಸಾಲ್ದು, ಮನೇಲಿ ಕುಂತು ನೀನೇ ಮಾಡು." ಹೊರಟವನನ್ನು ಮತ್ತೆ ಕರೆದು ಹೇಳಿದ. "ನೋಡು, ಒಳಗ ಕನ್ನಡಿ ಮಾಡ್ಬುಟ್ಟೀಯ! ಬೆಕ್ಕಿನ್ ನಾಲಗೆ ಇರ್ತದಲ್ಲ, ಅಷ್ಟು ತರಿ ಇರ್ಬೇಕು. ನುಣ್ಣಗಾದ್ರೆ ಪೆಟ್ರೋಲು ಗ್ವಾಡೆ ಮೇಲೆ ಹನಿ ಕಟ್ಕಂಡು ಜಾರ್ತದ, ಗಾಳೀಲಿ ಬೆರೆಯಾಕಿಲ್ಲ."

ಮನೆಯ ಜಗುಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಚಿಕ್ಕಮಲ್ಲಪ್ಪ ಕೆಲಸಕ್ಕೆ ಕುಳಿತ. ಎಲ್ಲಿಂದ ಎಲ್ಲಿಗೆ ಉಜ್ಜಬೇಕು ಎಂದು ತಿಳಿಯಲು ಗೆರೆ ಬೇಕಲ್ಲ. ದೇವರಮನೆಯಿಂದ ವಿಭೂತಿ ಗಟ್ಟಿ ತಂದು ನೀರಿನಲ್ಲಿ ತೇಯ್ದು ಲೋಹದ ಬಾಯಿಯ ಸುತ್ತ ಬಳಿದ. ಒಣಗಿ ಬೆಳ್ಳಗಾದ ಮೇಲೆ ಹೊಸ ಗ್ಯಾಸ್ಕೆಟ್ ಇಟ್ಟು ಅದರ ಅಂಚಿನಗುಂಟ ದಬ್ಬಳದ ಮೊನೆಯಿಂದ ಗೀರಿದ. ಬಿಳಿಯ ಮೇಲೆ ಗೆರೆ ಚೆನ್ನಾಗಿ ಮೂಡಿತು.

"ಥೂ ನಿನ್ನ! ಹಣೆಗ್ ಇಕ್ಕೋ ಇಬೂತೀನ ಇಂಜಿನ್ಗಾ?" ಎಂದಳು ಅಕ್ಕ.

"ಅದೂ ನಂಗೆ ಅನ್ನ ಹಾಕಿರದೇ ಕಣಕ್ಕ," ಎಂದು ಅವನು ಅರ ಎತ್ತಿಕೊಂಡ.

ದುಂಡನೆಯ ಅರಕ್ಕೆ ಸೀಮೆಸುಣ್ಣ ಬಳಿದು, ಅಲ್ಯೂಮಿನಿಯಂ ಪುಡಿ ಅರದ ಹಲ್ಲಿಗೆ ಮೆತ್ತಿಕೊಳ್ಳದ ಹಾಗೆ ನೋಡಿಕೊಂಡು, ನಾಲ್ಕು ದಿನ ಅವನು ಅದನ್ನು ತೊಡೆಯ ನಡುವೆ ಹಿಡಿದು ಉಜ್ಜಿದ. ಬಾಡಿಗೆ ಕೇಳಿ ಬಂದವರನ್ನೆಲ್ಲ ವಾಪಸ್ಸು ಕಳಿಸಿದ. ಸ್ಟೀರಿಂಗ್ ಹಿಡಿದು ಬಲಿತ ಕೈಗೆ ಇಂಥ ಕುಸುರಿ ಹೊಸದು. ಐದು ಸಲ ಉಜ್ಜಿ ಒಂದು ಸಲ ಬೆರಳು ತೂರಿಸಿ ನೋಡುತ್ತಿದ್ದ. ಮೊದಲ ಬಾಯಿಯ ಮೆಟ್ಟಿಲು ಕರಗಿ ಗೆರೆಗೆ ಬಂದು ನಿಂತ ದಿನ ಅವನಿಗೆ ಎಷ್ಟು ಹಿಗ್ಗಾಯಿತೆಂದರೆ ಅಕ್ಕನ ಬೆರಳನ್ನೂ ಎಳೆದು ಒಳಗೆ ತೂರಿಸಿ ತೋರಿಸಿದ. ಆಕೆ ಹಿಟ್ಟಿನ ಕೈಯನ್ನೇ ಕೊಟ್ಟು, "ಊಂ ಊಂ, ಚೆಂದಾಗದ," ಎಂದು ಒಳಗೆ ಹೋದಳು.

ಐದನೆಯ ದಿನ ಬೆಳಿಗ್ಗೆ ತಲೆಯೆತ್ತಿದರೆ ಅಂಗಳದಲ್ಲಿ ಮರಿಮಲ್ಲಪ್ಪನವರು ನಿಂತಿದ್ದಾರೆ.

ಚಿಕ್ಕಮಲ್ಲಪ್ಪ ಗಡಿಬಿಡಿಯಿಂದ ಎದ್ದ. ಬೀಗರು ಬಂದರೆ ಕಾಲಿಗೆ ನೀರು ಕೊಡಬೇಕು, ಚಾಪೆ ಹಾಸಬೇಕು, ಇವನು ನೋಡಿದರೆ ಬನಿಯನ್ನಿನಲ್ಲಿ ಮೈಯೆಲ್ಲ ಬೂದಿಬಣ್ಣದ ಪುಡಿ. ಮರಿಮಲ್ಲಪ್ಪನವರು ನೀರು ಕುಡಿದು, ಹೆರಿಗೆ ತಮ್ಮಲ್ಲೇ ಆಗಲಿ ಎಂಬ ಹೆಂಡತಿಯ ಮಾತನ್ನು ಹೇಳಲು ಬಂದವರು ಅದನ್ನು ಶುರುವಿಟ್ಟು ಅರ್ಧಕ್ಕೇ ನಿಲ್ಲಿಸಿದರು. ಅವರ ಕಣ್ಣು ಗೋಣಿಚೀಲದ ಮೇಲಿದ್ದ ಮ್ಯಾನಿಫೋಲ್ಡಿಗೆ ಬಿದ್ದಿತ್ತು. ಬಗ್ಗಿ ಎತ್ತಿಕೊಂಡರು. ಬೆರಳು ತೂರಿಸಿದರು. ಮುಖ ಕಿವುಚಿದರು.

"ಏನ್ ಬೀಗ್ರೇ ಇದು, ಇಷ್ಟ್ ತರಿ? ಕೂಸ ಕೂರ್ಸೋ ಗಾಡಿ ಅಲ್ವಾ? ನಾಳೆ ಮೊದಲ್ನೇ ಬಸ್ಸಿಗೆ ಬತ್ತೀನಿ, ಮುಟ್ಬೇಡಿ ಇದ."

ಬಂದ ಕೆಲಸವನ್ನೂ ಮರೆತು ಹೊರಟುಹೋದರು. ಮರುದಿನ ಬಂದಾಗ ಹೆಗಲ ಚೀಲದಲ್ಲಿ ನಂಬರು ನಂಬರಿನ ಎಮರಿ ಕಲ್ಲು, ಎಮರಿ ಕಾಗದ, ಉಣ್ಣೆಯ ತುಂಡು, ಕಲ್ಲಿಗೆ ಕೊನೆಯ ಹೊಳಪು ಕೊಡುವ ಪುಡಿಯ ಡಬ್ಬಿ. ಅಂಗಿ ಕಳಚಿ ಗೂಟಕ್ಕೆ ಹಾಕಿ ಜಗುಲಿಯ ಮೇಲೆ ಕುಳಿತವರು ಎರಡು ದಿನ ಊಟಕ್ಕೆ ನಿದ್ದೆಗೆ ಬಿಟ್ಟರೆ ಏಳಲಿಲ್ಲ. ಒರಟು ನಂಬರು ಮೊದಲು, ಅದಕ್ಕಿಂತ ನಯ ಆಮೇಲೆ, ಅದಕ್ಕಿಂತ ನಯ ಆಮೇಲೆ. ಪ್ರತಿಸಲ ನೀರು ಹನಿಸಿ, ಒರೆಸಿ, ಕಣ್ಣುಮುಚ್ಚಿ ಬೆರಳಾಡಿಸುವರು. ಹನ್ನೆರಡು ವರ್ಷ ಕರಿಕಲ್ಲಿನ ಮೇಲೆ ಆಡಿದ ಬೆರಳು ಅದು. ಅವರು ಪಾಲಿಶ್ ಮಾಡಿದ ಕಲ್ಲಿನಲ್ಲಿ ಫ್ಯಾಕ್ಟರಿಯ ಸೂರಿನ ಮೊಳೆ ಕೂಡ ಕಾಣುತ್ತಿತ್ತಂತೆ.

ಚಿಕ್ಕಮಲ್ಲಪ್ಪನ ಎದೆಯಲ್ಲಿ ಮೂಗಯ್ಯನ ಮಾತು ಗುಂಯ್‌ಗುಡುತ್ತಿತ್ತು. ಹೇಳುವುದು ಹೇಗೆ? ಗಂಡಿನ ಕಡೆಯ ಬೀಗರು ಹೆಣ್ಣಿನ ಮನೆಯ ಜಗುಲಿಯಲ್ಲಿ ಬರಿಮೈಯಲ್ಲಿ ಕುಳಿತು ಬೆವರು ಸುರಿಸುವುದೆಂದರೆ ಸಾಮಾನ್ಯವೇ? ಅವರ ಮನೆಯಲ್ಲಿ ಬಾಳುತ್ತಿರುವವಳು ತನ್ನ ಮಗಳು. ಕೊನೆಗೆ ಧೈರ್ಯ ಮಾಡಿ, "ಸಾಕು ಬುಡಿ ಬೀಗ್ರೇ, ಇಷ್ಟು ಸಾಕು," ಎಂದ.

ಇಲ್ಲೇ ಎಡವಟ್ಟಾದದ್ದು. ಬೀಗರ ನಡುವೆ "ಸಾಕು" ಎಂಬ ಮಾತಿಗೆ ಬೆಲೆಯೇ ಇಲ್ಲ. ಬೀಗರೂಟದಲ್ಲಿ ಎಲೆಗೆ ಕೈ ಅಡ್ಡ ಹಿಡಿದು "ಸಾಕು ಸಾಕು" ಎಂದವನಿಗೆ ಕೈಯ ಸಂದಿಯಲ್ಲೇ ಇನ್ನೆರಡು ಹೋಳಿಗೆ ತುರುಕುತ್ತಾರೆ. ಕೈ ತಡೆದು ನಿಲ್ಲಿಸಿದವನಿಗೆ ಮರ್ಯಾದೆ ಗೊತ್ತಿಲ್ಲ ಎಂದು ಅರ್ಥ. ಮರಿಮಲ್ಲಪ್ಪನವರು ಮರ್ಯಾದೆ ಗೊತ್ತಿದ್ದವರು.

"ಸುಮ್ಕಿರಿ ಬೀಗ್ರೇ, ಉಪಚಾರ ಮಾಡ್ಬ್ಯಾಡಿ," ಎಂದು ಇನ್ನೂ ನಯದ ನಂಬರು ತೆಗೆದರು.

"ನಿಜ್ವಾಗ್ಲೂ ಸಾಕು ಕಣ್ರಿ."

"ನಮ್ ಕೂಸಿಗೆ ಮಾಡೋ ಕೆಲ್ಸ. ಅರ್ಧಂಬರ್ಧ ಮಾಡಕ್ಕಾದದಾ?" ಪುಡಿಯ ಡಬ್ಬಿಯೂ ತೆರೆಯಿತು.

ಎರಡನೆಯ ದಿನ ಮೂರು ಗಂಟೆಗೆ ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರು. ಕೊಳವೆಯ ಒಳಗೆ ಬೆಳ್ಳಿ ಕರಗಿಸಿ ಹೊಯ್ದಂತಿತ್ತು. ಬಗ್ಗಿ ನೋಡಿದ ಚಿಕ್ಕಮಲ್ಲಪ್ಪನಿಗೆ ತನ್ನ ಒಂದು ಕಣ್ಣು, ಅರ್ಧ ಮೀಸೆ ಕಂಡಿತು. ಅಷ್ಟು ಚೆಂದದ ಕೆಲಸವನ್ನು ಅವನು ಅದುವರೆಗೆ ನೋಡಿರಲಿಲ್ಲ, ನೋಡಿ ಅಷ್ಟು ಸಂಕಟವೂ ಪಟ್ಟಿರಲಿಲ್ಲ.

ಅಂದೇ ಕೂಡಿಸಿದರು. ಸುಡುವ ಬಿಸಿಲಿಗೆ ಇಂಜಿನ್ ಹೇಗೋ ಹೊತ್ತಿಕೊಂಡಿತು, ಊಟಿ ರಸ್ತೆಯಲ್ಲಿ ಒತ್ತಿದಷ್ಟೂ ಹಾರಿತು. ಮರಿಮಲ್ಲಪ್ಪನವರು ಮುಂದಿನ ಸೀಟಿನಲ್ಲಿ ಮೀಸೆಯೊಳಗೇ ನಗುತ್ತ ಕುಳಿತಿದ್ದರು. ಬಸ್ಸು ಹತ್ತುವಾಗ, "ಸೋಮವಾರ ರಾಹುಕಾಲ ಕಳ್ದು ಒಂಬತ್ತಕ್ಕೆ ಬನ್ನಿ. ಕೂಸ ಕರ್ಕಂಡೋಗಿ. ಮಂಗಳವಾರಕ್ಕೆ ಎಂಟು ಬೀಳ್ತದ," ಎಂದರು.

ಭಾನುವಾರ ಬೆಳಿಗ್ಗೆ ಚಳಿಗೆ ಕಾರು ಸ್ಟಾರ್ಟ್ ಆಗಲಿಲ್ಲ. ಅರ್ಧ ಗಂಟೆ ತಿಣುಕಿ ಆದದ್ದು ನಿಂತಲ್ಲೇ ನಡುಗಿತು, ಮೊದಲ ಗೇರಿನಲ್ಲಿ ಮೊದಲಿಗಿಂತ ಕೆಟ್ಟದಾಗಿ ಎಗರಿತು. ಚಿಕ್ಕಮಲ್ಲಪ್ಪ ಮ್ಯಾನಿಫೋಲ್ಡ್ ಬಿಚ್ಚಿ ಹಿಡಿದುಕೊಂಡು ಹುಣಸೆಮರದ ಬಳಿಗೆ ಓಡಿದ. ಮೂಗಯ್ಯ ಒಳಗೆ ಇಣುಕಿ, "ಯಾವ ಅಕ್ಕಸಾಲಿ ಕೈಲಿ ಕೊಟ್ಟಿದ್ಲಾ ಇದ?" ಎಂದು ನಗಾಡಿದ.

"ನಮ್ ಬೀಗ್ರು."

ಮುದುಕನ ನಗು ನಿಂತಿತು. ಪರಿಸ್ಥಿತಿ ಎಂಥದೆಂದು ಅವನಿಗೂ ಅರ್ಥವಾಯಿತು. ಪೆಟ್ಟಿಗೆ ತಡಕಿ ಒರಟು ಎಮರಿ ಕಾಗದದ ಒಂದು ಹಾಳೆ ಕೊಟ್ಟ. "ಒಳಗೆಲ್ಲ ತರಿ ಮಾಡು. ಅರ್ಧ ಗಂಟೆ ಕೆಲ್ಸ. ಗಾಡಿ ಸರಿ ಓಯ್ತದ. ಮಿಕ್ಕಿದ್ದು ನಿಂಗೂ ನಿನ್ ಬೀಗ್ರಿಗೂ ಬುಟ್ಟಿದ್ದು."

ಅರ್ಧ ಗಂಟೆಯ ಕೆಲಸ ಹಿಡಿದುಕೊಂಡು ಚಿಕ್ಕಮಲ್ಲಪ್ಪ ಜಗುಲಿಯ ಮೇಲೆ ಎರಡು ಗಂಟೆ ಸುಮ್ಮನೆ ಕುಳಿತ. ಎಮರಿ ಕಾಗದವನ್ನು ಕಡ್ಡಿಗೆ ಸುತ್ತಿ ಕೊಳವೆಯ ಬಾಯಿಯವರೆಗೆ ಒಯ್ಯುವನು, ಆ ಹೊಳಪು ಕಂಡು ಕೈ ಹಿಂದೆ ತೆಗೆಯುವನು. ಉಜ್ಜದಿದ್ದರೆ ನಾಳೆ ಬೀಗರ ಮನೆಯ ಮುಂದೆ ಕಾರು ಎಗರುತ್ತದೆ, ಮಗಳು ಬರುವುದಿಲ್ಲ. ಉಜ್ಜಿದರೆ ಬೀಗರ ಎರಡು ದಿನದ ಬೆವರು ಪುಡಿಯಾಗಿ ಗೋಣಿಚೀಲದ ಮೇಲೆ ಬೀಳುತ್ತದೆ. ಕೊನೆಗೆ ಮನೆಯೊಳಗೆ ಗೋಡೆಯ ಮೂಲೆಯಲ್ಲಿದ್ದ ಮಗಳ ಪೆಟ್ಟಿಗೆಯತ್ತ ಒಮ್ಮೆ ನೋಡಿ, ಹಲ್ಲು ಕಚ್ಚಿ ಮೊದಲ ಎಳೆತ ಎಳೆದ. ಬೆಳ್ಳಿಯ ಮೇಲೆ ಬೂದುಬಣ್ಣದ ಗೀರು ಬಿತ್ತು.

ನಾಲ್ಕು ಎಳೆತ ಎಳೆದಿರಬೇಕು. ಅಂಗಳದಲ್ಲಿ ಯಾರೋ ಕೆಮ್ಮಿದರು.

ಮರಿಮಲ್ಲಪ್ಪನವರು! ಕಂಕುಳಲ್ಲಿ ಒಂದು ಹೊಸ ಹತ್ತಿಯ ಹಾಸು. ಕಾರಿನ ಸೀಟು ಗಟ್ಟಿ, ಸೊಸೆಗೆ ಮೆತ್ತಗಿರಲಿ ಎಂದು ಹೆಂಡತಿಯಿಂದ ಹೊಲಿಸಿ, ಹಿಂದಿನ ದಿನವೇ ಹಾಕಿ ಅಳತೆ ನೋಡಲು ತಂದಿದ್ದರು. ಅವರ ಕಣ್ಣು ಎಮರಿ ಕಾಗದಕ್ಕೆ ಹೋಯಿತು, ಅಲ್ಲಿಂದ ಮ್ಯಾನಿಫೋಲ್ಡಿಗೆ, ಅಲ್ಲಿಂದ ಚಿಕ್ಕಮಲ್ಲಪ್ಪನ ಮುಖಕ್ಕೆ.

ಚಿಕ್ಕಮಲ್ಲಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಎದ್ದು ನಿಂತ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೂಗಯ್ಯ ಮೊದಲೇ ಹೇಳಿದ್ದು, ಬೆಕ್ಕಿನ ನಾಲಗೆ, ಗೋಡೆಯ ಮೇಲೆ ಜಾರುವ ಪೆಟ್ರೋಲು, ಬೆಳಿಗ್ಗೆ ಕಾರು ಎಗರಿದ್ದು. ಒಂದನ್ನೂ ಮುಚ್ಚಿಡಲಿಲ್ಲ.

"ಮೊದ್ಲೇ ಗೊತ್ತಿತ್ತಾ ನಿಮ್ಗೆ?" ಮರಿಮಲ್ಲಪ್ಪನವರ ದನಿ ಏರಿತು. "ಎರಡ್ ದಿನ ಎದುರ್ಗೆ ಕುಂತಿದ್ರಲ್ಲ! ಅವತ್ತೇ ಒಂದ್ ಮಾತು ಏಳಕ್ಕೇನಾಗಿತ್ತು?"

"ಸಾಕು ಅಂದ್ನಲ್ಲ ಬೀಗ್ರೇ. ಎರಡ್ ಸಲ ಅಂದೆ."

"ಬೀಗ್ರು ಸಾಕು ಅಂದ್ರೆ ಯಾರಾದ್ರೂ ನಿಲ್ಲುಸ್ತಾರಾ ಬೀಗ್ರೇ?"

ಬಾಯಿಂದ ಬಂದ ಮೇಲೆ ಅವರಿಗೇ ಅದು ಕೇಳಿಸಿತು. ಮೀಸೆ ಒಮ್ಮೆ ಅದುರಿತು. ಚಿಕ್ಕಮಲ್ಲಪ್ಪ ನೆಲ ನೋಡಿದ. ನಗಬೇಕೋ ಬೇಡವೋ ಎಂದು ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಿದ್ದಾಗ ಒಳಗಿನಿಂದ ಅಕ್ಕ ಕಿಸಕ್ಕನೆ ನಕ್ಕುಬಿಟ್ಟಳು. ಆಮೇಲೆ ಇಬ್ಬರನ್ನೂ ತಡೆಯುವವರಿರಲಿಲ್ಲ. ಮರಿಮಲ್ಲಪ್ಪನವರು ಹಾಸನ್ನು ಅಲ್ಲೇ ಹಾಕಿ ಅದರ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಇಳಿದ ಮೇಲೆ ಅವರು ಹೆಗಲ ಟವಲಿನಿಂದ ಕಣ್ಣು ಒರೆಸಿಕೊಂಡರು.

"ನಾನೂ ಒಂದು ಏಳ್ಬುಡ್ತೀನಿ ಬೀಗ್ರೇ. ಅವತ್ತು ಗಾಡಿ ಎಗರಿದ್ದು ನಿಜ. ಆದ್ರೆ ಕೂಸ ಇಳಿಸ್ಕೋಬೇಕು ಅನ್ನಂಗೇನೂ ಎಗರ್ನಿಲ್ಲ. ನಿಂತ್ಕತಲ್ಲ ಅಂತ ನಂಗೆ ಒಳಗೊಳಗೇ ಖುಷಿ ಆಗಿತ್ತು."

ಚಿಕ್ಕಮಲ್ಲಪ್ಪ ಅವರ ಎದುರಿಗೆ ಬಂದು ಕುಳಿತ.

"ನಂಗೆ ಮೂರೂ ಗಂಡು. ಉಂಡು ಕೈ ತೊಳ್ಕಂಡು ಎದ್ದೋಯ್ತಾರೆ, ಮಾತಿಲ್ಲ ಕತೆಯಿಲ್ಲ. ನಿಮ್ ಮಗಳು ಬಂದ್ಮೇಲೆ, ಸಂಜೆ ನಾನು ಫ್ಯಾಕ್ಟ್ರಿಯಿಂದ ಬಂದ್ರೆ, 'ಮಾವ, ಇವತ್ತು ಎಂಥ ಕಲ್ಲು ಬಂದಿತ್ತು' ಅಂತ ಕೇಳ್ತದ. ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರ್ನಿಲ್ಲ ಕಣ್ರಿ. ಆರು ತಿಂಗ್ಳು ಅದಿಲ್ದ ಮನೇಲಿ ಎಂಗಿರದು ಅಂತ... ಅದ್ಕೇ ನಮ್ಮನೆಯವಳು ಅಂಗಂದಾಗ್ಲೂ ಸುಮ್ನಿದ್ದೆ."

"ಅಂಗಿದ್ಮೇಲೆ ಯಾಕ್ ಬೀಗ್ರೇ ಎರಡ್ ದಿನ ಬೆವರು ಸುರ್ಸಿದ್ರಿ?"

"ಉಜ್ಜುವಾಗೆಲ್ಲ ಅದೇ ಯೋಚ್ನೆ. ಇದು ಸರಿಯಾದ್ರೆ ಕೂಸ ಕಳುಸ್ಬೇಕಲ್ಲ ಅಂತ. ಆದ್ರೂ ಕೈ ನಿಲ್ನಿಲ್ಲ. ಕೈಗೆ ಕೆಟ್ ಕೆಲ್ಸ ಮಾಡಿ ಗೊತ್ತಿಲ್ಲ."

ಇಷ್ಟು ಹೇಳಿ ಮರಿಮಲ್ಲಪ್ಪನವರು ಕೈಚಾಚಿ ಎಮರಿ ಕಾಗದ ಕೇಳಿದರು. ಚಿಕ್ಕಮಲ್ಲಪ್ಪ ಬೇಡ ಎಂದರೂ ಬಿಡಲಿಲ್ಲ. "ನೀವು ಗೀರ್ತಿದ್ದೀರಿ ಬೀಗ್ರೇ, ತರಿ ಒಂದೇ ಸಮ ಬರ್ಬೇಕು. ಒರಟು ಮಾಡಾದೂ ಒಂದ್ ಕೆಲ್ಸವೇ." ಮ್ಯಾನಿಫೋಲ್ಡನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕ್ಷಣ ತಮ್ಮ ಹೊಳಪನ್ನು ನೋಡಿ, ಎಮರಿಯನ್ನು ಒಳಗೆ ಇಳಿಸಿದರು. ಪಾಲಿಶ್ ಆದ ಮೈಗೆ ಒರಟು ಕಾಗದ ತಾಗಿಸಿದ್ದು ತಮ್ಮ ಜನ್ಮದಲ್ಲಿ ಇದೇ ಮೊದಲು ಎಂದು ಆಮೇಲೆ ಹೇಳಿದರು. ಚಿಕ್ಕಮಲ್ಲಪ್ಪ ಪಕ್ಕದಲ್ಲಿ ಕುಳಿತು ನೀರು ಹನಿಸಿಕೊಟ್ಟ. ನಡುನಡುವೆ ಬೆರಳು ತೂರಿಸಿ, "ಇನ್ನೊಂದ್ ವಸಿ," ಎಂದ. ಕೊನೆಗೊಮ್ಮೆ, "ಸಾಕು," ಎಂದ. ಮರಿಮಲ್ಲಪ್ಪನವರು ತಟ್ಟನೆ ಕೈ ನಿಲ್ಲಿಸಿದರು.

ಸೋಮವಾರ ಬೆಳಿಗ್ಗೆ ಆ ಚಳಿಯಲ್ಲೂ ಕಾರು ಮೊದಲ ಸ್ಟಾರ್ಟಿಗೇ ಎದ್ದಿತು. ಚಾಮರಾಜನಗರದ ಬೀದಿಯಲ್ಲಿ ಹೆಂಗಸರು ಈ ಸಲವೂ ಬಾಗಿಲಿಗೆ ಬಂದಿದ್ದರು, ಬರದೆ ಇರುತ್ತಾರೆಯೇ! ನಾಗರತ್ನ ಹೊಸ ಹಾಸಿನ ಮೇಲೆ ಕುಳಿತಳು. ಅಳಿಯ ಸೋಮೇಶ್ ಕಿಟಕಿಯಿಂದ ಬಗ್ಗಿ ಅವಳಿಗೇನೋ ಹೇಳಿದ. ಬೀಗಿತ್ತಿ ಸೊಸೆಯ ಕೆನ್ನೆ ಸವರಿ, "ಶಿವರಾತ್ರಿ ಕಳೀತಿದ್ದಂಗೇ ನಾನೂ ಬಂದು ನೋಡ್ಕಂಡು ಓಯ್ತೀನಿ," ಎಂದರು. ಮರಿಮಲ್ಲಪ್ಪನವರು ಯಾರನ್ನೂ ಕೇಳದೆ ಮುಂದಿನ ಬಾಗಿಲು ತೆಗೆದು ಹತ್ತಿ ಕುಳಿತರು. "ಬಾಗ್ಲುವರ್ಗೂ ಬುಟ್ಟು ಬತ್ತೀನಿ," ಎಂದದ್ದಷ್ಟೇ.

ಚಿಕ್ಕಮಲ್ಲಪ್ಪ ಉಸಿರು ಬಿಗಿಹಿಡಿದು ಕ್ಲಚ್ ಬಿಟ್ಟ. ಕಾರು ಹೊರಟಿತು. ಹೊರಟದ್ದೇ ತಿಳಿಯಲಿಲ್ಲ.

ತೆರಕಣಾಂಬಿಯ ಹತ್ತಿರ ಕುರಿಮಂದೆ ರಸ್ತೆಗೆ ಅಡ್ಡ ಬಂತು. ಕಾರು ನಿಲ್ಲಿಸಿ ಐದು ನಿಮಿಷ ಕಾಯಬೇಕಾಯಿತು. ಹಿಂದಿನಿಂದ ನಾಗರತ್ನ, "ಇಂಜಿನ್ ಆಫ್ ಆಗ್ಬುಡ್ತಾ ಅಪ್ಪಾಜಿ?" ಎಂದು ಗಾಬರಿಯಾಗಿ ಕೇಳಿದಳು. ಇಂಜಿನ್ ಓಡುತ್ತಲೇ ಇತ್ತು, ಅವಳ ಕಿವಿಗೆ ಬಿದ್ದಿರಲಿಲ್ಲ. ಮುಂದೆ ಕುಳಿತ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಲ್ಲಿಂದಾಚೆಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳು ನಿದ್ದೆ ಹೋದಳು. ಕನ್ನಡಿಯಲ್ಲಿ ಮಗಳ ಮುಖ ನೋಡುತ್ತ ಚಿಕ್ಕಮಲ್ಲಪ್ಪ ಗಾಡಿಯನ್ನು ಮೂವತ್ತರ ಮೇಲೆ ಹೋಗಗೊಡಲಿಲ್ಲ. ಇಪ್ಪತ್ತೆರಡು ವರ್ಷ ಓಡಿಸಿದ್ದು ಇದೊಂದು ದಾರಿಗಾಗಿಯೇ ಎನಿಸುವಷ್ಟು ಅವನಿಗೆ ಸುಖವಾಗಿತ್ತು.

ಮನೆಯ ಮುಂದೆ ಕಾರು ನಿಂತಿತು. ನಾಗರತ್ನ ಇಳಿದು ಸೆರಗು ಸರಿಮಾಡಿಕೊಂಡು ಹೊಸ್ತಿಲ ಹತ್ತಿರ ಬಂದು ನಿಂತಳು. ಒಳಗಿನಿಂದ ನಗುತ್ತ ಓಡಿ ಬಂದ ಅಕ್ಕ ಏನೋ ನೆನಪಾದವಳಂತೆ ಬಾಗಿಲ ಹಿಂದಕ್ಕೆ ಸರಿದುಬಿಟ್ಟಳು.

"ಆರತಿ ಎತ್ತಕ್ಕೆ ಯಾರ್ಗ್ಲಾ ಏಳಿದ್ದೀಯೆ?" ಎಂದಳು ಮೆಲ್ಲಗೆ. "ನಾನು ಎತ್ತಂಗಿಲ್ಲ. ಗಂಡ ಇಲ್ದೋಳು."

ಚಿಕ್ಕಮಲ್ಲಪ್ಪ ಯಾರಿಗೂ ಹೇಳಿರಲಿಲ್ಲ. ಇಷ್ಟು ದಿನ ಹಗಲೆಲ್ಲ ಒಂದು ಕೊಳವೆಯ ಬಾಯಿ ಹೊಂದಿಸಿದವನಿಗೆ, ಬಸುರಿ ಮಗಳು ತವರಿಗೆ ಬಂದಾಗ ಹೊಸ್ತಿಲಲ್ಲಿ ತಾಯಿ ಆರತಿ ಹಿಡಿದು ನಿಂತಿರಬೇಕು ಎಂಬುದು ನೆನಪಿಗೇ ಬಂದಿರಲಿಲ್ಲ. ತಾಯಿ ಇಲ್ಲದ ತವರು ಎಂದರೆ ಇದೇ ಇರಬೇಕು ಎಂದುಕೊಂಡ. ಕಣ್ಣು ಮಂಜಾಯಿತು. ಪಕ್ಕದ ಮನೆಯಿಂದ ಯಾರನ್ನಾದರೂ ಕರೆತರಲು ಓಡಲು ಹೊರಟ.

ಮರಿಮಲ್ಲಪ್ಪನವರು ಅವನ ತೋಳು ಹಿಡಿದರು. "ಎಲ್ಲಿಗೋಯ್ತೀರಿ? ಕೂಸು ಬಿಸ್ಲಲ್ಲಿ ನಿಂತದ." ಆಮೇಲೆ ಒಳಗೆ ಕೂಗಿದರು. "ಅಕ್ಕಾರೇ, ಒಂದ್ ತಟ್ಟೇಲಿ ನೀರು ತನ್ನಿ. ಅರಿಸಿನ, ವಸಿ ಸುಣ್ಣ."

ತಟ್ಟೆ ಬಂತು. ಮರಿಮಲ್ಲಪ್ಪನವರು ಜಗುಲಿಯ ಅಂಚಿನಲ್ಲಿ ಕುಳಿತು, ಉಗುರು ಸವೆದ ಬೆರಳಿನಿಂದ ಅರಿಸಿನ ಸುಣ್ಣ ಕಲಸಿ ನೀರು ಕೆಂಪಾಗುವವರೆಗೆ ಕದಡಿದರು. ಮಧ್ಯಕ್ಕೆ ಒಂದು ಎಲೆ ಇಟ್ಟು ಅದರ ಮೇಲೆ ಕರ್ಪೂರ ಹಚ್ಚಿದರು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಚಿಕ್ಕಮಲ್ಲಪ್ಪನ ಮುಂದೆ ಹಿಡಿದರು.

"ತಕಳಿ."

"ನಾನಾ? ಗಂಡಸ್ರು ಎತ್ತಾದುಂಟಾ ಬೀಗ್ರೇ?"

"ಗುರುಮಲ್ಲಮ್ನೋರು ಇದ್ದಿದ್ರೆ ಅವ್ರೇ ಎತ್ತೋರು. ಅವ್ರಿಲ್ದ ಜಾಗದಲ್ಲಿ ಎರಡ್ ವರ್ಷದಿಂದ ನಿಂತಿರೋರು ನೀವು. ನೀವಲ್ದೆ ಇನ್ಯಾರು?"

ಚಿಕ್ಕಮಲ್ಲಪ್ಪ ತಟ್ಟೆ ತೆಗೆದುಕೊಂಡ. ಕೆಂಪು ನೀರು ತುಳುಕಿ ಹೊಸ್ತಿಲಿಗೆ ಚೆಲ್ಲಿತು. ತೋಚಿದ ಕಡೆಯಿಂದ ಸುತ್ತಿಸಲು ಹೋದ.

"ಆ ಕಡೆಯಿಂದಲ್ಲ ಅಪ್ಪಾಜಿ, ಬಲಗಡೆಯಿಂದ," ಎಂದಳು ನಾಗರತ್ನ. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇದ್ದಂತಿತ್ತು.

ಬಲಗಡೆಯಿಂದ ಮೂರು ಸುತ್ತು ಸುತ್ತಿಸಿದ. ಹಾಡು ಹೇಳಲು ಅವನಿಗೆ ಬರುತ್ತಿರಲಿಲ್ಲ. ಬಾಗಿಲ ಹಿಂದಿನಿಂದ ಅಕ್ಕ ಸಣ್ಣ ದನಿಯಲ್ಲಿ ಗುನುಗಿದಳು. ಸುತ್ತು ಮುಗಿದ ಮೇಲೆ ಮುಂದೇನು ಎಂದು ತಿಳಿಯದೆ ನಿಂತವನ ಮುಂದೆ ನಾಗರತ್ನ ಹಣೆ ಬಾಗಿಸಿದಳು. ಅವನು ಕೆಂಪು ನೀರಿನಲ್ಲಿ ಬೆರಳದ್ದಿ ಅವಳ ಹಣೆಗೆ ಇಟ್ಟ.

"ನಿಮ್ಮವ್ವ ಇದ್ದಿದ್ರೆ..." ಎಂದ.

"ಅವ್ವ ಇದ್ದಿದ್ರೂ ಈ ಮನೆಗೇ ಬತ್ತಿದ್ದೆ ಅಪ್ಪಾಜಿ. ಅವ್ವ ಇಲ್ದಿದ್ರೂ ನೀವಿದ್ದೀರಿ ಅಂತ್ಲೇ ಬಂದೆ," ಎಂದು ನಾಗರತ್ನ ಅಪ್ಪನ ತೋಳು ಹಿಡಿದುಕೊಂಡು ಬಲಗಾಲಿಟ್ಟು ಒಳಗೆ ಬಂದಳು.